ಅಪ್‌ಡೇಟ್: ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದರೆ ಬುಸ್ ಅಂತಿದ್ದ ಕಾರು

ನನ್ನ ಕಾರಿನ ಈ ಕಾಟದ ಬಗ್ಗೆ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಬಂಕ್‌ನಲ್ಲಿ ಮುಚ್ಚಳ ತಿರುಗಿಸಿದರೆ ಸಾಕು, ನಾಗರಹಾವಿನ ಹಾಗೆ ಬುಸ್ ಅನ್ನುತ್ತಿತ್ತು. ಪೆಟ್ರೋಲ್ ಗನ್ ಇಟ್ಟರೆ ಎರಡು ಲೀಟರಿಗೊಮ್ಮೆ ಟಕ್ ಅಂತ ನಿಲ್ಲುತ್ತಿತ್ತು. ಹಿಂದೆ ನಿಂತವರ ಹಾರ್ನ್ ಬೇರೆ.

ಸುಮಾರು ಜನ "ಬಿಸಿಲಿಗೆ ಹಾಗೇ" ಅಂದಿರಿ. ಅರ್ಧ ನಿಜ. ಕಲಬುರಗಿ ಬಿಸಿಲಲ್ಲಿ ಪೆಟ್ರೋಲ್ ಆವಿಯಾಗುತ್ತದೆ, ಸ್ವಲ್ಪ ಬುಸ್ ಅನ್ನುವುದು ಮಾಮೂಲು. ಆದರೆ ನನ್ನದು ಬೆಳಿಗ್ಗೆ ಆರಕ್ಕೂ ಹಾಗೇ ಇತ್ತು!

ಮೆಕ್ಯಾನಿಕ್ ಮೊದಲು ನೋಡಿದ್ದು ಕ್ಯಾನಿಸ್ಟರ್. ಇದ್ದಿಲು ತುಂಬಿದ ಡಬ್ಬಿ ಅದು. ಟ್ಯಾಂಕ್‌ನ ಆವಿಯನ್ನು ಹೀರಿಟ್ಟುಕೊಳ್ಳುತ್ತದೆ, ಗಾಡಿ ಓಡುವಾಗ ಪರ್ಜ್ ವಾಲ್ವ್ ತೆರೆದು ಇಂಜಿನ್ ಅದನ್ನು ಎಳೆದು ಸುಡುತ್ತದೆ. ಪರ್ಜ್ ವಾಲ್ವ್ ಸರಿಯಿತ್ತು. ಕ್ಯಾನಿಸ್ಟರ್‌ನಿಂದ ಹೊರಗಾಳಿಗೆ ಹೋಗುವ ಪೈಪ್ ಬಿಚ್ಚಿ ಊದಿದರೆ ಗಾಳಿಯೇ ಹೋಗಲಿಲ್ಲ. ತಂತಿ ತೂರಿಸಿ ಎಳೆದಾಗ ಬಂತು ನೋಡಿ, ಹೆಬ್ಬೆರಳಿನ ತುದಿಯಷ್ಟು ಗಟ್ಟಿ ಮಣ್ಣಿನ ಉಂಡೆ. ಕಣಜದ ಗೂಡು! ಒಳಗೆ ಒಣಗಿದ ಜೇಡಗಳೂ ಇದ್ದವು. ಊರಿಗೆ ಹೋದಾಗ ಎರಡು ತಿಂಗಳು ಗಾಡಿ ನಿಲ್ಲಿಸಿದ್ದೆ, ಆಗಲೇ ಸಂಸಾರ ಹೂಡಿರಬೇಕು.

ಪೆಟ್ರೋಲ್ ಒಳಗೆ ಬಂದಷ್ಟು ಗಾಳಿ ಹೊರಗೆ ಹೋಗಬೇಕು ಅಲ್ವಾ? ಆ ಪೈಪೇ ಅದರ ದಾರಿ. ಅದು ಮುಚ್ಚಿದ್ದರಿಂದ ಆವಿ ಒಳಗೇ ಒತ್ತಿಕೊಂಡು ಬುಸ್ ಅನ್ನುತ್ತಿತ್ತು, ತುಂಬಿಸುವಾಗ ಪೆಟ್ರೋಲ್ ಟ್ಯಾಂಕ್‌ನ ಕತ್ತಿನವರೆಗೆ ಉಕ್ಕಿ ಗನ್ ತುದಿಯ ಸಣ್ಣ ತೂತು ಮುಚ್ಚುತ್ತಿತ್ತು. ಅದಕ್ಕೇ ಟಕ್.

ಮೆಕ್ಯಾನಿಕ್‌ನಿಂದ ಬೈಗುಳವೂ ಸಿಕ್ಕಿತು. ಗನ್ ತಾನೇ ನಿಂತ ಮೇಲೂ "ರೌಂಡ್ ಫಿಗರ್ ಮಾಡಿ" ಅನ್ನುವುದು ನನ್ನ ಚಾಳಿ. ಹಾಗೆ ತುಂಬಿದರೆ ಪೆಟ್ರೋಲೇ ಕ್ಯಾನಿಸ್ಟರ್‌ಗೆ ನುಗ್ಗಿ ಇದ್ದಿಲು ಹಾಳಾಗುತ್ತದಂತೆ. ಪುಣ್ಯಕ್ಕೆ ನನ್ನದು ಒಣಗಿಯೇ ಇತ್ತು.

ನಿನ್ನೆ ಫುಲ್ ಟ್ಯಾಂಕ್ ಹಾಕಿಸಿದೆ. ಒಂದೇ ಸಲ ನಿಂತಿತು, ತುಂಬಿದ ಮೇಲೆ.