ಇನ್‌ಫ್ಲೇಮಬಲ್ ಅಂದ್ರೆ ಉರಿಯುತ್ತೆ

ಚಿಕ್ಕಮ್ಮ: (ಫಾರ್ವರ್ಡ್ ಆಗಿದ್ದು) ಪ್ರೊಫೆಸರುಗಳೂ ತಪ್ಪು ಮಾಡುವ ಇಂಗ್ಲಿಷ್ ಜೋಡಿಪದಗಳು!! ಲೆಸ್ – ಅಳೆಯುವುದಕ್ಕೆ, ಫ್ಯೂಯರ್ – ಎಣಿಸುವುದಕ್ಕೆ, ಬೆರೆಸಿದವರು ಅವಿದ್ಯಾವಂತರು. ಸ್ಟೇಷನರಿ – ‘ಎ’ ಇದ್ದರೆ ನಿಂತಲ್ಲೇ ನಿಂತಿರುವುದು, ‘ಇ’ ಇದ್ದರೆ ಬರೆಯುವ ಸಾಮಗ್ರಿ. ಹಿಸ್ಟಾರಿಕ್ – ಇತಿಹಾಸದಲ್ಲಿ ಉಳಿಯುವಂಥದ್ದು, ಹಿಸ್ಟಾರಿಕಲ್ – ಇತಿಹಾಸಕ್ಕೆ ಸಂಬಂಧಿಸಿದ್ದು. ಫ್ಲೇಮಬಲ್ – ಬೆಂಕಿ ಹೊತ್ತಿಕೊಳ್ಳುವುದು, ಇನ್‌ಫ್ಲೇಮಬಲ್ – ಹೊತ್ತಿಕೊಳ್ಳದಿರುವುದು. ಆಕ್ಸ್‌ಫರ್ಡ್ ನಿಘಂಟೇ ಒಪ್ಪಿದೆ. ಮಕ್ಕಳಿರುವ ಎಲ್ಲ ಮನೆಗೂ ತಲುಪಿಸಿ.

ಚಿಕ್ಕಮ್ಮ: ಓದಿದವರೂ ತಪ್ಪು ಮಾಡ್ತಾರಂತೆ. ಕೆಲವರು ಗಮನಿಸಬೇಕು.

ದೊಡ್ಡಮಾವ: ಬಹಳ ಉಪಯುಕ್ತ. ಈಗಿನವರಿಗೆ ಭಾಷೆಯಲ್ಲಿ ಶಿಸ್ತೇ ಇಲ್ಲ. ನಾವು ಒಂದು ಅಕ್ಷರ ತಪ್ಪಿದರೆ ಪುಟ ತುಂಬ ಅದನ್ನೇ ಬರೆಯಬೇಕಿತ್ತು. ಮಾತು ಶುದ್ಧವಾಗಿದ್ದರೆ ನಡತೆಯೂ ಶುದ್ಧವಾಗಿರುತ್ತದೆ. ನನ್ನ ಬೇರೆ ಗುಂಪುಗಳಿಗೂ ಕಳಿಸಿದ್ದೇನೆ.

ಅಮ್ಮ: ಸರಿ ಹೇಳಿದೆ ಅಣ್ಣಯ್ಯ.

ನಾನು: ಕೊನೇ ಜೋಡಿ ತಪ್ಪು. ಎರಡೂ ಪದಕ್ಕೆ ಒಂದೇ ಅರ್ಥ, ಬೇಗ ಬೆಂಕಿ ಹೊತ್ತಿಕೊಳ್ಳುತ್ತೆ ಅಂತ. ಆಕ್ಸ್‌ಫರ್ಡ್ ಇದನ್ನ ಒಪ್ಪಿದೆ ಅಂತ ಬರೆದವರು ಆಕ್ಸ್‌ಫರ್ಡ್ ತೆಗೆದು ನೋಡಿಲ್ಲ. ಇದು ಎಲ್ಲಿಂದ ಬಂತು ಚಿಕ್ಕಮ್ಮ?

ಚಿಕ್ಕಮ್ಮ: ಎಲ್ಲಿಂದಲೋ ಬಂತು. ನಾನು ಏನು ಹಾಕಿದ್ರೂ ನೀನು ಮೂಲ ಕೇಳ್ತೀಯ. ನಿನ್ನ ಮಾವ ಹಾಕಿದಾಗ ಯಾರೂ ಬಾಯಿ ಬಿಡಲ್ಲ.

ಪುಟ್ಟಣ್ಣ: ಸ್ಟೇಷನರಿ ಅಂದಕೂಡ್ಲೇ ಅಜ್ಜ ನೆನಪಾದ್ರು! ಡಿಕ್ಟೇಷನ್ ಕೊಡ್ತಾ ‘ಎನ್ವಲಪ್‌ನ ಇ ನೆನಪಿಟ್ಟುಕೋ, ಜನ್ಮದಲ್ಲಿ ತಪ್ಪಲ್ಲ’ ಅಂತಿದ್ರಲ್ಲ. ಆ ದಪ್ಪ ನಿಘಂಟು ತೊಡೆ ಮೇಲೆ. ನಾವು ಮೂರು ಜನ ಸಾಲಾಗಿ ಕೂತಿರ್ತಿದ್ವಿ.

ನಾನು: ಆ ಎರಡು ಪದ ಮೂಲದಲ್ಲಿ ಒಂದೇ, ಅಣ್ಣ. ತಿರುಗಾಡದೆ ಒಂದೇ ಕಡೆ ಅಂಗಡಿ ಇಟ್ಟುಕೊಂಡು ಪುಸ್ತಕ ಮಾರೋನು ಸ್ಟೇಷನರ್. ಅವನು ಮಾರೋ ಸಾಮಾನು ಸ್ಟೇಷನರಿ ಆಯ್ತು.

ಪುಟ್ಟಣ್ಣ: ಅಜ್ಜ ಇದ್ದಿದ್ರೆ ಇದನ್ನ ಕೇಳಿ ಎಷ್ಟು ಖುಷಿಪಡ್ತಿದ್ರು.

ದೊಡ್ಡಮಾವ: ‘ಇನ್’ ಅಂದರೆ ‘ಅಲ್ಲ’. ಇನ್‌ಕರೆಕ್ಟ್, ಇನ್‌ವಿಸಿಬಲ್. ವ್ಯಾಕರಣ ನಿನಗೋಸ್ಕರ ಬದಲಾಗುವುದಿಲ್ಲ.

ನಾನು: ದೊಡ್ಡಮಾವ, ಇದು ಆ ‘ಇನ್’ ಅಲ್ಲ. ಇನ್‌ಫ್ಲೇಮ್ ಅಂದ್ರೆ ಉರಿ ಹಚ್ಚೋದು, ಲ್ಯಾಟಿನ್‌ನ ಇನ್‌ಫ್ಲಮಾರೆ ಕಡೆಯಿಂದ ಬಂದದ್ದು. ಉರಿ ಹಚ್ಚಬಹುದಾದದ್ದು ಇನ್‌ಫ್ಲೇಮಬಲ್. ನೀವು ಅಂದುಕೊಂಡ ಹಾಗೇ ಜನ ಅಂದುಕೊಂಡು ಅಪಾಯ ಆಗಬಹುದು ಅಂತಾನೇ 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್‌ನವರು ‘ಇನ್’ ಬಿಟ್ಟು ಬರೀ ಫ್ಲೇಮಬಲ್ ಅಂತ ಬರೀರಿ ಅಂದ್ರು. ಉರಿಯದ್ದಕ್ಕೆ ನಾನ್-ಫ್ಲೇಮಬಲ್ ಅಂತಾರೆ. ಲೆಸ್, ಫ್ಯೂಯರ್ ಯಾರು ಹೇಗೆ ಬಳಸಿದ್ರೂ ಯಾರಿಗೂ ಏನೂ ಆಗಲ್ಲ. ಆ ನಿಯಮಾನೂ 1770ರಲ್ಲಿ ರಾಬರ್ಟ್ ಬೇಕರ್ ಅನ್ನೋರು ತಮಗೆ ಹೀಗಂದ್ರೆ ಚೆನ್ನ ಅನ್ನಿಸುತ್ತೆ ಅಂತ ಬರೆದದ್ದು. ಅದಕ್ಕೂ ಸುಮಾರು ಒಂಬತ್ತು ಶತಮಾನ ಹಿಂದೆ ಇಂಗ್ಲೆಂಡಿನ ಆಲ್‌ಫ್ರೆಡ್ ರಾಜನೇ ಎಣಿಸೋ ಪದಕ್ಕೆ ಲೆಸ್ ಬಳಸಿದ್ದಾನೆ. ಅದಕ್ಕೆ ಅವಿದ್ಯಾವಂತರು ಅನ್ನೋದು ಅನ್ಯಾಯ. ಆದ್ರೆ ಡಬ್ಬದ ಮೇಲಿನ ಆ ಒಂದು ಪದ ತಪ್ಪಾಗಿ ಓದಿದ್ರೆ ಮನೇನೇ ಸುಟ್ಟುಹೋಗಬಹುದು.

ಚಿಕ್ಕಮ್ಮ: ಉದ್ದ ಇದೆ, ಆಮೇಲೆ ಓದ್ತೀನಿ.

ದೊಡ್ಡಮಾವ: ತಿಳಿವಳಿಕೆ ಇರುವುದು ಒಳ್ಳೆಯದೇ. ಹಿರಿಯರನ್ನು ಎಲ್ಲರೆದುರು ತಿದ್ದುವುದು ಸಂಸ್ಕಾರವಲ್ಲ.

ತಂಗಿ: ದೊಡ್ಡಮಾವ, ಎಲ್ಲರೆದುರು ಅಂದ್ರಲ್ಲ, ಅದಕ್ಕೇ ಹೇಳ್ತಿದ್ದೀನಿ. ಹೋದ ವರ್ಷ ನನ್ನ ಕೆಲಸದ ಅರ್ಜಿ ನಿಮಗೊಬ್ಬರಿಗೇ ಕಳಿಸಿದ್ದೆ. ನೀವು ಅದನ್ನ ಇಲ್ಲಿ ಹಾಕಿ, ‘ಸಿ’ ಬರೋ ಅಡ್ವೈಸ್ ಬೇಕಾದ ಕಡೆ ‘ಎಸ್’ ಇದೆ ಅಂತ ಕೆಂಪು ಗೆರೆ ಎಳೆದು ತೋರಿಸಿದ್ರಿ. ಸಿ ಇದ್ರೆ ಸಲಹೆ, ಎಸ್ ಇದ್ರೆ ಸಲಹೆ ಕೊಡೋದು. ತಿದ್ದಿದ್ದು ಸರಿಯೇ. ಆದ್ರೆ ಆಮೇಲೆ ನಾನು ಏನು ಬರೆದ್ರೂ ನಿಮಗೆ ತೋರಿಸಿಲ್ಲ.

ಅಮ್ಮ: ಈಗ ಅದೆಲ್ಲ ಯಾಕಮ್ಮ?

ಚಿಕ್ಕಮ್ಮ: ಯಾಕಂದ್ರೆ ಅವತ್ತು ಅವಳು ರಾತ್ರಿ ಪೂರ್ತಿ ಅತ್ತಿದ್ದಾಳೆ ಅಕ್ಕ. ನೀನು ಅವತ್ತೂ ‘ಸರಿ ಹೇಳಿದೆ ಅಣ್ಣಯ್ಯ’ ಅಂತಾನೇ ಬರೆದಿದ್ದೆ.

ಪುಟ್ಟಣ್ಣ: ಅಜ್ಜ ತಪ್ಪು ತಿದ್ದೋವಾಗ ಹತ್ತಿರ ಕರೆದು ಮೆತ್ತಗೆ ಹೇಳ್ತಿದ್ರು.

ದೊಡ್ಡಮಾವ: ಅವಳಿಗೆ ಕೆಲಸ ಸಿಗಲಿ ಅಂತಲೇ ಮಾಡಿದ್ದು.

ತಂಗಿ: ಗೊತ್ತು ಮಾವ. ಫೋನ್ ಮಾಡಿ ಹೇಳಬಹುದಿತ್ತು.

ಅತ್ತೆ: ಮಧ್ಯೆ ಬಂದೆ, ತಪ್ಪು ತಿಳಿಯಬೇಡಿ. ನಮ್ಮನೆ ಪೇಂಟ್ ತೆಳು ಮಾಡೋ ಡಬ್ಬದ ಮೇಲೆ ಈ ‘ಇನ್’ ಇರೋ ಪದಾನೇ ಇದೆ. ನಿಮ್ಮ ಮಾವ ಇದನ್ನ ಓದಿ, ಏನೂ ಆಗಲ್ಲ ಅಲ್ಲೇ ಇರಲಿ ಅಂದ್ರು. ಒಲೆ ಪಕ್ಕದ ಕಪಾಟಿನಲ್ಲಿದೆ.

ನಾನು: ಅತ್ತೆ, ಅದು ಉರಿಯುತ್ತೆ. ಒಲೆ ಆರಿಸಿ, ಈಗಲೇ ತೆಗೆದು ದೂರ ಇಡಿ. ಗಾಳಿಯಾಡೋ ಜಾಗ ಇರಲಿ.

ಅತ್ತೆ: ತೆಗೆದೆ.

ನಾನು: ದೊಡ್ಡಮಾವ, ನೀವು ಕಳಿಸಿದ ಬೇರೆ ಗುಂಪುಗಳಲ್ಲೂ ಅದು ತಪ್ಪು ಅಂತ ದಯವಿಟ್ಟು ಹಾಕಿ. ಅಲ್ಲೂ ಯಾರ ಮನೆಯಲ್ಲಾದ್ರೂ ಇಂಥ ಡಬ್ಬ ಇರುತ್ತೆ.

ದೊಡ್ಡಮಾವ: ಮೊದಲು ನಿಘಂಟು ನೋಡುತ್ತೇನೆ.

ದೊಡ್ಡಮಾವ: ನೋಡಿದೆ. ಎರಡಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ. ಹಾಕುತ್ತೇನೆ.

ಪುಟ್ಟಣ್ಣ: ಮಾವ, ಅಜ್ಜನ ನಿಘಂಟಾ? ನಿಮ್ಮ ಹತ್ತಿರ ಇದೆಯಾ ಅದು?

ಚಿಕ್ಕಮ್ಮ: ಅವನ ಹತ್ತಿರಾನೇ ಇದೆ. ಅಪ್ಪ ಹೋದ ಮೇಲೆ ನಾನು ಕೇಳಿದ್ದು ಅದೊಂದನ್ನೇ.

ದೊಡ್ಡಮಾವ: ಕೊಡುವುದಿಲ್ಲ ಅಂತ ಯಾವಾಗ ಹೇಳಿದೆ?

ಚಿಕ್ಕಮ್ಮ: ಕೊಡ್ತೀನಿ ಅಂತಾನೂ ಹೇಳಿಲ್ಲ.