ವೆನ್ ಚಿತ್ರದ ವೃತ್ತವೂ ರೇಖಾಗಣಿತದ ವೃತ್ತವೂ ಒಂದೆಯೇ?

ಪ್ರಶ್ನೆ:
ಗಣಗಳ ಪಾಠದಲ್ಲಿ, ಗಣಗಳನ್ನು ವೃತ್ತಗಳಾಗಿ ತೋರಿಸುವ ವೆನ್ ಚಿತ್ರದಲ್ಲಿ, ಎರಡು ವೃತ್ತಗಳು ಒಂದರ ಮೇಲೊಂದು ಹಾಯ್ದಾಗ ಉಂಟಾಗುವ ನಡುಭಾಗವನ್ನು ಛೇದನ ಗಣವೆಂದು ಕರೆದು, ಅದರೊಳಗೆ ಎಷ್ಟು ಗಣಾಂಶಗಳನ್ನು ಬೇಕಾದರೂ ಬರೆಯುತ್ತೇವೆ. ರೇಖಾಗಣಿತಕ್ಕೆ ಬಂದರೆ, ಬೇರೆ ಬೇರೆಯಾದ ಎರಡು ವೃತ್ತಗಳಿಗೆ ಹೆಚ್ಚೆಂದರೆ ಎರಡೇ ಸಾಮಾನ್ಯ ಬಿಂದುಗಳು ಎಂದು ಓದುತ್ತೇವೆ. ವೃತ್ತವೂ ಬಿಂದುಗಳ ಗಣವೇ ಆಗಿದ್ದರೆ ಈ ಎರಡು ಮಾತುಗಳು ಹೇಗೆ ಹೊಂದುತ್ತವೆ? ಕೇಂದ್ರಬಿಂದು ಆ ಗಣಕ್ಕೆ ಸೇರುತ್ತದೆಯೇ?

ಉತ್ತರ 1:
ಕೇಂದ್ರ ಸೇರುವುದಿಲ್ಲ. ಸಮತಲದಲ್ಲಿ ಒಂದು ನಿಶ್ಚಿತ ಬಿಂದುವಿನಿಂದ ತ್ರಿಜ್ಯದಷ್ಟೇ ದೂರದಲ್ಲಿರುವ ಎಲ್ಲ ಬಿಂದುಗಳ ಗಣವೇ ವೃತ್ತ. ಕೇಂದ್ರಕ್ಕೆ ತನ್ನಿಂದ ತನಗಿರುವ ದೂರ ಸೊನ್ನೆ. (0, 0) ಕೇಂದ್ರವಾಗಿ, ತ್ರಿಜ್ಯ 5 ಇರುವ ವೃತ್ತವನ್ನು ತೆಗೆದುಕೊಳ್ಳಿ. 9 + 16 = 25 ಆದ್ದರಿಂದ (3, 4) ಅದರ ಗಣಾಂಶ; (1, 2) ಒಳಗಡೆ ಇದ್ದರೂ ಗಣಾಂಶವಲ್ಲ. ಇನ್ನು (6, 0) ಕೇಂದ್ರವಾಗಿ ಅದೇ ತ್ರಿಜ್ಯದ ಮತ್ತೊಂದು ವೃತ್ತವನ್ನು ಎಳೆದರೆ, ಇವೆರಡರ ಛೇದನ ಗಣದಲ್ಲಿ (3, 4) ಮತ್ತು (3, −4) ಮಾತ್ರ ಇರುತ್ತವೆ.

ದೂರ 5 ಅಥವಾ ಅದಕ್ಕಿಂತ ಕಡಿಮೆ ಎಂದು ನಿಯಮವನ್ನು ಸಡಿಲಿಸಿದರೆ ನಮಗೆ ಸಿಗುವುದು ವೃತ್ತವಲ್ಲ, ಒಳಭಾಗವೂ ಸೇರಿದ ಬಿಲ್ಲೆ. ಎರಡು ಬಿಲ್ಲೆಗಳ ಛೇದನದಲ್ಲಿ (3, 0) ಸೇರಿದಂತೆ ಅನಂತ ಬಿಂದುಗಳಿವೆ. ವೆನ್ ಚಿತ್ರದಲ್ಲಿ ನಾವು ಬಣ್ಣ ತುಂಬುವುದು ಇಂತಹ ಒಳಭಾಗಕ್ಕೆ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ವೆನ್ ಚಿತ್ರದ ವೃತ್ತ ಬರಿಯ ಬೇಲಿ. ಅಲ್ಲಿ ತ್ರಿಜ್ಯಕ್ಕಾಗಲೀ ದೂರಕ್ಕಾಗಲೀ ಅರ್ಥವಿಲ್ಲ. 2, 4, 6 ಎಂಬ ಗಣಾಂಶಗಳನ್ನು ಚೌಕದೊಳಗೆ ಬರೆದರೂ ಗಣ ಅದೇ. ಗಣಿತಜ್ಞ ಆಯ್ಲರ್ 18ನೆಯ ಶತಮಾನದಲ್ಲೇ ತರ್ಕವನ್ನು ವಿವರಿಸಲು ವೃತ್ತಗಳನ್ನು ಬಳಸಿದ್ದರು. ಈ ಚಿತ್ರಗಳಿಗೆ ಹೆಸರು ಕೊಟ್ಟ ಜಾನ್ ವೆನ್ ಅವರ ಲೇಖನ ಬಂದದ್ದು 1880ರಲ್ಲಿ.

ಪ್ರಶ್ನೆ ಕೇಳಿದವರು:
ಹಾಗಾದರೆ ನಾಲ್ಕು ಗಣಗಳಿಗೆ ನಾಲ್ಕು ವೃತ್ತಗಳ ಚಿತ್ರ ಎಲ್ಲಿಯೂ ಏಕೆ ಕಾಣುವುದಿಲ್ಲ?

ಉತ್ತರ 1:
ನೀವು ಮೊದಲು ಕೇಳಿದ ‘ಎರಡೇ ಬಿಂದುಗಳು’ ಎಂಬ ನಿಯಮವೇ ಇಲ್ಲಿ ಅಡ್ಡ ಬರುತ್ತದೆ. ಮೂರು ವೃತ್ತಗಳು ಹೊರಭಾಗವೂ ಸೇರಿ 8 ಪ್ರದೇಶಗಳನ್ನು ಕೊಡುತ್ತವೆ, ಅಲ್ಲಿಯವರೆಗೆ ತೊಂದರೆಯಿಲ್ಲ. ನಾಲ್ಕನೆಯ ವೃತ್ತವು ಮೊದಲಿನ ಮೂರನ್ನು ಹೆಚ್ಚೆಂದರೆ ಎರಡೆರಡು ಕಡೆ, ಅಂದರೆ ಒಟ್ಟು 6 ಬಿಂದುಗಳಲ್ಲಿ ಛೇದಿಸಬಹುದು. ಆ ಬಿಂದುಗಳು ಅದನ್ನು 6 ಕಂಸಗಳಾಗಿ ಒಡೆಯುತ್ತವೆ, ಒಂದೊಂದು ಕಂಸವೂ ಒಂದೊಂದು ಪ್ರದೇಶವನ್ನು ಸೀಳುತ್ತದೆ. ಒಟ್ಟು 14 ಪ್ರದೇಶಗಳಾದವು, ಆದರೆ ಒಂದು ಅಂಶ ಪ್ರತಿ ಗಣದ ಒಳಗೋ ಹೊರಗೋ ಇರಬಹುದಾದ್ದರಿಂದ ನಾಲ್ಕು ಗಣಗಳಿಗೆ ಬೇಕಾದದ್ದು 2 × 2 × 2 × 2 = 16. ಎರಡು ದೀರ್ಘವೃತ್ತಗಳು ನಾಲ್ಕು ಬಿಂದುಗಳಲ್ಲಿ ಛೇದಿಸಬಲ್ಲವು. ವೆನ್ ಅವರೂ ನಾಲ್ಕು ಗಣಗಳಿಗೆ ದೀರ್ಘವೃತ್ತಗಳನ್ನೇ ಬಳಸಿದರು.