ಗೋ ದಾಟಿದ ಕಡಲನ್ನು ಷೋಗಿ ಅಷ್ಟು ಸುಲಭವಾಗಿ ದಾಟಲಿಲ್ಲವೇಕೆ?

ಪ್ರಶ್ನೆ (ಕಾಲಾಳು):
ಎರಡು ವರ್ಷಗಳಿಂದ ಅಂತರ್ಜಾಲದಲ್ಲಿ ಷೋಗಿ ಆಡುತ್ತಿದ್ದೇನೆ. ನಮ್ಮ ಚದುರಂಗದ ದೂರದ ನೆಂಟನಾದ ಈ ಆಟದ ಹಲಗೆಯಲ್ಲಿ 81 ಮನೆಗಳಿದ್ದು, ಒಬ್ಬೊಬ್ಬರಿಗೆ 20 ಕಾಯಿಗಳಿರುತ್ತವೆ. ಎದುರಾಳಿಯಿಂದ ಹೊಡೆದ ಕಾಯಿಯನ್ನು ನಮ್ಮದಾಗಿಸಿಕೊಂಡು ಮತ್ತೆ ಹಲಗೆಗೆ ಇಳಿಸಬಹುದೆಂಬ ನಿಯಮವೇ ಇದರ ಜೀವಾಳ. ಜಪಾನಿನಲ್ಲಿ ಮನೆಮಾತಾಗಿರುವ ಇಂತಹ ಆಟ ಹೊರದೇಶಗಳಲ್ಲಿ ಕಪ್ಪು-ಬಿಳಿ ಹರಳುಗಳಿಂದ ಆಡುವ ಗೋ ಆಟದಷ್ಟು ಏಕೆ ಹರಡಲಿಲ್ಲ? ಕಾಯಿಗಳ ಮೇಲಿನ ಕಾಂಜಿ ಅಕ್ಷರಗಳೇ (ಜಪಾನಿನವರು ಬಳಸುವ ಚೀನೀ ಮೂಲದ ಲಿಪಿ) ಅಡ್ಡಿ ಎನ್ನುತ್ತಾರೆ. ಅದೊಂದೇ ಕಾರಣವೇ?

ಉತ್ತರ 1 (ಹಳೇ ಹಲಗೆ):
ಅಕ್ಷರದ ತೊಡಕು ಇರುವುದು ನಿಜ, ಆದರೆ ಅದನ್ನು ತೆಗೆದುಹಾಕುವುದು ಕಾಣುವಷ್ಟು ಸುಲಭವಲ್ಲ. ಹೊಡೆದ ಕಾಯಿ ಪಕ್ಷ ಬದಲಿಸಬೇಕಾದ್ದರಿಂದ ಎರಡೂ ಕಡೆಯ ಕಾಯಿಗಳಿಗೆ ಒಂದೇ ಬಣ್ಣ. ಚೂಪಾದ ತುದಿ ಯಾರತ್ತ ತಿರುಗಿದೆ ಎಂಬುದರಿಂದಲೇ ಅದು ಯಾರದೆಂದು ತಿಳಿಯಬೇಕು. ಬಡ್ತಿ (ಹೆಚ್ಚಿನ ಬಲ) ಪಡೆದ ಕಾಯಿಯನ್ನು ಮಗುಚಿ ಇಡಬೇಕಾಗಿರುವುದರಿಂದ ಆನೆ, ಕುದುರೆಗಳ ಕೆತ್ತನೆಗೂ ಅವಕಾಶವಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಬೇರೆ. ಷೋಗಿ ಹೋದಲ್ಲೆಲ್ಲ ಅದೇ ಕುಲದ ಆಟವೊಂದು ಮೊದಲೇ ಬೇರೂರಿತ್ತು: ಯುರೋಪಿನಲ್ಲಿ ಚೆಸ್, ಚೀನಾದಲ್ಲಿ ಶಿಯಾಂಗ್‌ಚಿ, ಕೊರಿಯಾದಲ್ಲಿ ಜಾಂಗಿ. ಗೋ ಆಟಕ್ಕೆ ಯುರೋಪಿನಲ್ಲಿ ದಾಯಾದಿಯೇ ಇರಲಿಲ್ಲ. ಮೇಲಾಗಿ ಅದಕ್ಕೆ ಜಪಾನಿನ ಗೋ ಆಟಗಾರ ಇವಾಮೊತೊ ಕಾಓರು ಅವರಂತಹ ಪೋಷಕರು ಸಿಕ್ಕರು (ಹರೆಯದಲ್ಲಿ ಆಟ ಬಿಟ್ಟು ಬ್ರೆಜಿಲ್‌ಗೆ ಕಾಫಿ ಬೆಳೆಯಲು ಹೋಗಿದ್ದವರು ಇವರು!), ಅವರು ಕೊಟ್ಟ ಹಣದ ನೆರವಿನಿಂದ ಸಾವೊ ಪಾಲೊ, ನ್ಯೂಯಾರ್ಕ್, ಸಿಯಾಟಲ್ ಹಾಗೂ ಆಮ್‌ಸ್ಟರ್‌ಡ್ಯಾಮ್ ಬಳಿ ಗೋ ಕೇಂದ್ರಗಳು ನೆಲೆಗೊಂಡವು.

ಉತ್ತರ 2 (ಬೆಳ್ಳಿಸೇನಾನಿ):
ದಾಯಾದಿಯ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಶಿಯಾಂಗ್‌ಚಿಯ ತವರಾದ ಚೀನಾದಲ್ಲೇ, ಶಾಂಘೈ ನಗರದ ಶಾಲೆಗಳಲ್ಲಿ, 1990ರ ದಶಕದಿಂದ ಶು ಜಿಯಾನ್‌ಡಾಂಗ್ ಎಂಬವರು ಮಕ್ಕಳಿಗೆ ಷೋಗಿ ಕಲಿಸುತ್ತ ಬಂದುದರಿಂದ ಅಲ್ಲಿ ಅದು ಚೆನ್ನಾಗಿಯೇ ಬೇರುಬಿಟ್ಟಿತು. ಅಲ್ಲಿನ ಮಕ್ಕಳಿಗೆ ಅಕ್ಷರ ಹೊಸದಲ್ಲ ಎಂಬ ಅನುಕೂಲವಿತ್ತೆನ್ನಿ. ಇಂಗ್ಲೆಂಡಿನಲ್ಲಿ ಆ ಅನುಕೂಲವೂ ಇರಲಿಲ್ಲ. ಆದರೂ ಜಾರ್ಜ್ ಹಾಡ್ಜಸ್ 1976ರಿಂದ 1987ರವರೆಗೆ ಷೋಗಿಗೆಂದೇ ಇಂಗ್ಲಿಷ್ ಪತ್ರಿಕೆಯೊಂದನ್ನು ನಡೆಸಿ, ಪಶ್ಚಿಮದಲ್ಲಿ ಒಂದು ಆಟಗಾರರ ಬಳಗವನ್ನೇ ಕಟ್ಟಿದರು. ಹಟ ಹಿಡಿದು ಕಲಿಸುವವರೊಬ್ಬರು ಇದ್ದ ಊರಿನಲ್ಲಿ ಆಟ ನಿಂತಿದೆ, ಇಲ್ಲದ ಕಡೆ ನಿಂತಿಲ್ಲ.

ಉತ್ತರ 3 (ಮರಿಜಿರಾಫೆ):
ಈಗ ಆ ಗುರು ಅದೇ ಊರಿನಲ್ಲಿರಬೇಕೆಂದೂ ಇಲ್ಲ. ಪೋಲೆಂಡಿನ ಕರೋಲಿನಾ ಸ್ತಿಚಿನ್ಸ್ಕಾ ಮಾಂಗಾ (ಜಪಾನಿ ಚಿತ್ರಕತೆ) ಓದಿ ಷೋಗಿಯ ಪರಿಚಯ ಮಾಡಿಕೊಂಡು, ಅಂತರ್ಜಾಲದಲ್ಲಿ ಆಡುತ್ತಲೇ ವೃತ್ತಿಪರ ಆಟಗಾರ್ತಿ ಕಿತಾಓ ಮದೋಕಾ ಅವರ ಕಣ್ಣಿಗೆ ಬಿದ್ದರು. ಮುಂದೆ ಜಪಾನಿಗೆ ಹೋಗಿ, 2017ರಲ್ಲಿ ಮಹಿಳಾ ವೃತ್ತಿಪರರ ಸಾಲಿಗೆ ಸೇರಿದ ಮೊದಲ ವಿದೇಶಿಯಾದರು. ಅಕ್ಷರದ ತೊಡಕಿಗೂ ಮದ್ದು ಕಂಡುಹಿಡಿದವರು ಇದೇ ಕಿತಾಓ. ಅವರು ರೂಪಿಸಿದ ದೋಬುತ್ಸು ಷೋಗಿಯಲ್ಲಿ ಕೇವಲ 12 ಮನೆಗಳು. ಸಿಂಹ, ಆನೆ, ಜಿರಾಫೆ, ಕೋಳಿಮರಿಗಳ ಚಿತ್ರದ ಸುತ್ತ ಆ ಕಾಯಿ ಯಾವ ದಿಕ್ಕಿಗೆ ನಡೆಯಬಲ್ಲದೆಂಬುದನ್ನು ಚುಕ್ಕೆಗಳೇ ತೋರಿಸುತ್ತವೆ. ನಾನು ಮಗಳಿಗೆ ಕಲಿಸಿದ್ದು ಇದನ್ನೇ. ದೊಡ್ಡ ಹಲಗೆಗೆ ಬಂದಾಗ ಅವಳು ಗುರುತಿಸಬೇಕಾಗಿದ್ದುದು ಎಂಟು ಬಗೆಯ ಕಾಯಿಗಳನ್ನೂ ಅವುಗಳ ಬಡ್ತಿಯ ರೂಪಗಳನ್ನೂ ಮಾತ್ರ. ಇಡೀ ಕಾಗುಣಿತವನ್ನು ಬಾಯಿಪಾಠ ಮಾಡಿದ್ದ ಹುಡುಗಿಗೆ ಅದು ಒಂದು ವಾರದ ಕೆಲಸವೂ ಆಗಲಿಲ್ಲ.